ಬೇಡದ ನೆಂಟರಿಗೆ ಯಾವ ಅಡುಗೆ? ಕಡಿಮೆ ಕೆಲಸದ ಊಟಗಳ ಹೋಲಿಕೆ

ಕೆಲವರು "ಬರ್ತೀವಿ" ಅಂತ ಫೋನ್ ಮಾಡಿದರೆ ಏನು ಮಾಡಿ ಬಡಿಸೋಣ ಅಂತ ಮನಸ್ಸು ಓಡುತ್ತದೆ. ಇನ್ನು ಕೆಲವರ ಫೋನ್ ಬಂದರೆ, ಇಟ್ಟ ಮೇಲೆ ಎರಡು ನಿಮಿಷ ಸುಮ್ನೆ ಗೋಡೆ ನೋಡುತ್ತಾ ಕೂರುತ್ತೇವೆ. ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಬರಬೇಡಿ ಅನ್ನುವಷ್ಟು ಧೈರ್ಯ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ಅವರು ಬರುತ್ತಾರೆ, ಊಟಕ್ಕೂ ಕೂರುತ್ತಾರೆ. ಏನು ಮಾಡಿ ಹಾಕುವುದು ಅನ್ನುವುದಷ್ಟೇ ನಮ್ಮ ಕೈಲಿದೆ.

ಮೊದಲು ಒಂದು ಮಾತು. ಬೇಡದವರು ಬರುತ್ತಾರೆ ಅಂತ ಅಡುಗೆಯನ್ನು ಬೇಕೆಂದೇ ಕೆಡಿಸಬೇಡಿ. ಉಪ್ಪಿಲ್ಲದ ಊಟ ಹಾಕಿದರೆ ಅವರೇನೂ ಬರುವುದು ನಿಲ್ಲಿಸುವುದಿಲ್ಲ. ಹೋದ ಮನೆಯಲ್ಲೆಲ್ಲ ಒಂದು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಹಾಗಂತ ಬೆರಗಾಗುವಷ್ಟು ಚೆನ್ನಾಗಿ ಮಾಡುವುದೂ ತಪ್ಪೇ. "ಇದನ್ನು ತಿನ್ನೋಕೇ ಮತ್ತೆ ಬರ್ತೀವಿ" ಅಂದುಬಿಟ್ಟರೆ? ಹೊಟ್ಟೆ ತುಂಬಬೇಕು, ಬಾಯಿ ತೆಗೆದು ಹೇಳುವಂಥದ್ದು ಏನೂ ಇರಬಾರದು. ಅಂಥ ಊಟ ಹುಡುಕುತ್ತಿದ್ದೇವೆ.

ಅಡುಗೆ ಹೇಳಿಕೊಡುವವರು "ಅರ್ಧ ಗಂಟೆಯಲ್ಲಿ ರೆಡಿ" ಅನ್ನುತ್ತಾರೆ. ಆ ಅರ್ಧ ಗಂಟೆ ಯಾವಾಗಿನದು ಅಂತ ಮಾತ್ರ ಹೇಳುವುದಿಲ್ಲ. ಹಿಂದಿನ ರಾತ್ರಿ ಒಬ್ಬರೇ ನಿಂತು, ರೇಡಿಯೋ ಹಾಕಿಕೊಂಡು ಮಾಡುವ ಒಂದು ಗಂಟೆಯ ಕೆಲಸ ಹಗುರ. ಅವರು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿರುವಾಗ ಮಾಡುವ ಹತ್ತು ನಿಮಿಷದ ಕೆಲಸ ಭಾರ. ಹಾಗಾಗಿ ನಾನು ಒಟ್ಟು ಸಮಯವನ್ನು ನೋಡುವುದೇ ಇಲ್ಲ. ಅವರು ಬಂದ ಮೇಲೆ ಎಷ್ಟು ಕೆಲಸ ಉಳಿಯುತ್ತದೆ? ತಡವಾಗಿ ಬಂದರೆ ಅಡುಗೆ ಕೆಡುತ್ತದಾ? ಊಟ ಎಷ್ಟು ಹೊತ್ತು ಎಳೆಯುತ್ತದೆ? ಹೋದ ಮೇಲೆ ಎಷ್ಟು ಪಾತ್ರೆ ಬೀಳುತ್ತದೆ? ನೋಡುವುದು ಇಷ್ಟನ್ನೇ. ರುಚಿಯ ಪ್ರಶ್ನೆ ಆಮೇಲೆ.

ಸೂಪು ಮತ್ತು ಬ್ರೆಡ್

ನನ್ನ ಮಟ್ಟಿಗೆ ಇದೇ ಮೊದಲ ಸ್ಥಾನದ್ದು. ಕೆಲಸವೆಲ್ಲ ಹಿಂದಿನ ದಿನವೇ ಮುಗಿದಿರುತ್ತದೆ. ಅವರು ಬಂದ ಮೇಲೆ ಬಿಸಿ ಮಾಡುವುದು, ಬಟ್ಟಲಿಗೆ ಹಾಕುವುದು, ಅಷ್ಟೇ.

ತರಕಾರಿ ಸೂಪು ಮಾತ್ರ ಕೊಟ್ಟರೆ "ಊಟ ಯಾವಾಗ?" ಅಂತ ಕೇಳುವವರು ಇದ್ದಾರೆ. ಅದಕ್ಕೇ ಬೇಳೆ ಹಾಕಿದ ಗಟ್ಟಿ ಸೂಪು ಮಾಡಿ. ಕೆಂಪು ಮಸೂರ್ ಬೇಳೆಯನ್ನು ನೆನೆಹಾಕಬೇಕಿಲ್ಲ, 20ರಿಂದ 25 ನಿಮಿಷದಲ್ಲಿ ಬೆಂದು ಕರಗುತ್ತದೆ. ನಾಲ್ಕು ಜನಕ್ಕೆ 250 ಗ್ರಾಂ ಬೇಳೆ, ಒಂದೂಕಾಲು ಲೀಟರ್ ನೀರು, ಒಂದು ಈರುಳ್ಳಿ, ಎರಡು ಕ್ಯಾರೆಟ್, ಎರಡು ಟೊಮೆಟೊ, ನಾಲ್ಕೈದು ಎಸಳು ಬೆಳ್ಳುಳ್ಳಿ. ಈರುಳ್ಳಿ ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಉಳಿದದ್ದನ್ನೆಲ್ಲ ಹಾಕಿ ಬೇಯಿಸಿ, ರುಬ್ಬಿ. ತಲೆಗೆ 350 ಮಿಲಿಲೀಟರ್ ಆಸುಪಾಸು ಬರುತ್ತದೆ. ಬ್ರೆಡ್ ಜೊತೆ ಅದು ಪೂರ್ತಿ ಊಟವೇ. ರುಬ್ಬುವಾಗ ಒಂದು ಎಚ್ಚರ ಇರಲಿ. ಬಿಸಿ ಸೂಪನ್ನು ಮಿಕ್ಸಿಗೆ ತುಂಬಾ ಹಾಕಿದರೆ ಆವಿ ಮುಚ್ಚಳವನ್ನು ಎಗರಿಸುತ್ತದೆ. ಆರಲು ಬಿಡಿ, ಜಾರಿನ ಅರ್ಧದಷ್ಟು ಮಾತ್ರ ಹಾಕಿ. ಬೇಳೆ ಚೆನ್ನಾಗಿ ಕರಗಿದ್ದರೆ ಸೌಟಿನ ಹಿಂಬದಿಯಲ್ಲಿ ಒತ್ತಿದರೂ ಸಾಕು, ಮಿಕ್ಸಿಯೇ ಬೇಡ.

ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿ ಮುದ್ದೆಯಾದ ಹಾಗೆ ಕಾಣುತ್ತದೆ. ಬೇಳೆಯ ಪಿಷ್ಟ ತಣ್ಣಗಾದಾಗ ಬಿಗಿದುಕೊಳ್ಳುವುದು ಸಹಜ, ಹೆದರಬೇಡಿ. ಒಂದು ಲೋಟ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಲಕಿದರೆ ಸರಿಹೋಗುತ್ತದೆ. ತಳ ಹಿಡಿಯದಂತೆ ನೋಡಿಕೊಳ್ಳಿ. ಉಪ್ಪು, ನಿಂಬೆರಸ ಎರಡನ್ನೂ ಈ ಹಂತದಲ್ಲೇ ಹಾಕುವುದು ಒಳ್ಳೆಯದು, ನೀರು ಸೇರಿಸಿದ ಮೇಲೆ ಅಳತೆ ಬದಲಾಗಿರುತ್ತದೆ ಅಲ್ವಾ.

ಅವರು ಒಂದು ಗಂಟೆ ತಡವಾಗಿ ಬಂದರೂ ಸೂಪಿಗೆ ಏನೂ ಆಗುವುದಿಲ್ಲ. ಬರುವುದೇ ಇಲ್ಲ ಅಂತ ಫೋನ್ ಬಂದರೆ ಇನ್ನೂ ಚೆಂದ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ಊಟವೂ ಬೇಗ ಮುಗಿಯುತ್ತದೆ. ಎರಡನೇ ಸಲ ಬಡಿಸಿಕೊಂಡರೂ ಬಟ್ಟಲು ಖಾಲಿಯಾದ ಮೇಲೆ ಕೈಯಾಡಿಸಲು ಏನೂ ಉಳಿದಿರುವುದಿಲ್ಲ.

ಬೇಳೆಯ ಬದಲು ರಾಜ್ಮಾ ಹಾಕುವುದಾದರೆ ಒಂದು ವಿಷಯ ಮರೆಯಬೇಡಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡಿಮೆ ಅಂದರೂ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಒಂದು ಪ್ರೋಟೀನ್ ಇರುತ್ತದೆ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಅದನ್ನು ನಾಶ ಮಾಡುವುದಿಲ್ಲ. ಬೇಡದ ನೆಂಟರು ಹೊಟ್ಟೆ ಕೆಟ್ಟು ನಮ್ಮ ಮನೆಯಲ್ಲೇ ಮಲಗಿದರೆ ಯಾರಿಗೆ ಕಷ್ಟ ಹೇಳಿ.

ಒಂದೇ ಪಾತ್ರೆಯ ಅನ್ನ

ಅಕ್ಕಿ, ತರಕಾರಿ, ಬೇಯಿಸಿದ ಕಾಳು, ಮಸಾಲೆ, ನೀರು, ಎಲ್ಲ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚುವುದು. ಪಾತ್ರೆಯ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ. ತಲೆಗೆ 75 ಗ್ರಾಂ ಅಕ್ಕಿ ಅಂದರೆ ನಾಲ್ಕು ಜನಕ್ಕೆ 300 ಗ್ರಾಂ. ಚೆನ್ನಾಗಿ ಊಟ ಮಾಡುವವರಾದರೆ ಇನ್ನೊಂದು ಹಿಡಿ. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟರೆ ಮೇಲಿನ ಅನ್ನಕ್ಕೂ ತಳದ ಅನ್ನಕ್ಕೂ ಹದ ಒಂದೇ ಆಗುತ್ತದೆ. ಹೆಪ್ಪುಗಟ್ಟಿದ ಬಟಾಣಿ ಹಾಕುವುದಿದ್ದರೆ ಕೊನೆಯ ಐದು ನಿಮಿಷಕ್ಕೆ ಮೇಲೆ ಹರಡಿ.

ಇದರ ದೌರ್ಬಲ್ಯ ಒಂದೇ, ತಡವಾಗಿ ಬರುವವರು. ಅನ್ನ ಮಾಡಿ ಒಲೆಯ ಮೇಲೆ ಹಾಗೇ ಬಿಟ್ಟರೆ ಅದರಲ್ಲಿ ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಗಳು ಅಕ್ಕಿ ಬೇಯುವ ಬಿಸಿಯಲ್ಲೂ ಸಾಯುವುದಿಲ್ಲ. ಅದು ಬಿಡುವ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಒಂದೋ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಟ್ಟಿರಬೇಕು, ಇಲ್ಲ ಎರಡು ಗಂಟೆಯ ಒಳಗೆ ಅಗಲ ತಟ್ಟೆಗೆ ಹರಡಿ ಆರಿಸಿ ಫ್ರಿಜ್‌ಗೆ ಹಾಕಬೇಕು. ಬೆಚ್ಚಗಿಡುವ ಎಲೆಕ್ಟ್ರಿಕ್ ಕುಕ್ಕರ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಎಲ್ಲ ಹೆಚ್ಚಿ ಸಿದ್ಧ ಮಾಡಿಟ್ಟುಕೊಂಡು, ಅವರು ಮನೆಯೊಳಗೆ ಕಾಲಿಟ್ಟ ಮೇಲೆ ಒಲೆ ಹಚ್ಚಿ. "ಹತ್ತಿರದಲ್ಲೇ ಇದೀವಿ" ಅನ್ನುವ ಫೋನನ್ನು ನಂಬಬೇಡಿ.

ಪಾಸ್ತಾ: ಸುಲಭ ಅನ್ನಿಸುವ ಬಲೆ

ಕಡಿಮೆ ಕೆಲಸದ ಊಟ ಅಂದ ತಕ್ಷಣ ಎಲ್ಲರೂ ಪಾಸ್ತಾ ಅನ್ನುತ್ತಾರೆ. ನನಗೆ ಬೇಕಾದ ಗೆಳೆಯರು ಬಂದರೆ ನಾನೂ ಅದನ್ನೇ ಮಾಡುತ್ತೇನೆ. ಬೇಡದವರಿಗೆ ಮಾತ್ರ ಇನ್ನೆಂದೂ ಮಾಡುವುದಿಲ್ಲ.

ಕಾರಣ ಹೇಳುತ್ತೇನೆ. ಒಮ್ಮೆ ದೂರದ ಸಂಬಂಧಿಯೊಬ್ಬರು ಬಂದಿದ್ದರು. ಎಲ್ಲದಕ್ಕೂ ಒಂದು ಸಲಹೆ ಇರುವ ಪೈಕಿ. ನೀರು ಕುದಿಯುತ್ತಿತ್ತು. 400 ಗ್ರಾಂ ಪಾಸ್ತಾಕ್ಕೆ ನಾಲ್ಕು ಲೀಟರ್ ನೀರು, ಪುಸ್ತಕದಲ್ಲಿದ್ದ ಅಳತೆ. ಅವರು ಹಜಾರದಿಂದ ಎದ್ದು ಬಂದು ನನ್ನ ಹೆಗಲ ಮೇಲಿಂದ ಇಣುಕಿ, "ಇಷ್ಟೊಂದು ನೀರು ಯಾಕಮ್ಮಾ?" ಅಂದರು. ಹೇಳಿದೆ. "ಉಪ್ಪು ಈಗಲೇ ಹಾಕ್ತೀಯಾ?" ಹೌದು ಅಂದೆ. "ಬೆಂತಾ ನೋಡು." ಒಂದು ನಿಮಿಷವೂ ಆಗಿರಲಿಲ್ಲ. ಪಾಸ್ತಾ ಬೇಯುವ ಆ ಹತ್ತು ನಿಮಿಷ ಒಲೆ ಬಿಟ್ಟು ಆಚೆ ಹೋಗುವ ಹಾಗಿಲ್ಲ. ಸೋಸಿದ ಮೇಲೆ ನಿಲ್ಲಿಸಿಡುವ ಹಾಗಿಲ್ಲ, ಅಂಟಿಕೊಳ್ಳುತ್ತದೆ. ಇತ್ತ ಅವರ ಯಜಮಾನರಿಗೆ ಸರಿಯಾಗಿ ಅದೇ ಹೊತ್ತಿಗೆ ಫೋನ್ ಬಂತು, ಮಾತಾಡುತ್ತಾ ಹೊರಗೆ ಹೋದರು. ಅವರು ಒಳಗೆ ಬರುವ ಹೊತ್ತಿಗೆ ಪಾಸ್ತಾ ಒಂದೇ ಗಡ್ಡೆಯಾಗಿತ್ತು. "ನಾನು ಹೇಳ್ಲಿಲ್ವಾ, ನೀರು ಜಾಸ್ತಿ ಆಯ್ತು ಅಂತ."

ನಮ್ಮನ್ನು ಒಲೆಗೆ ಕಟ್ಟಿಹಾಕುವ ಅಡುಗೆಯೇ ಅಪಾಯ ಅಂತ ಆವತ್ತು ಗೊತ್ತಾಯಿತು. ಪಾಸ್ತಾ ಮಾಡಲೇಬೇಕು ಅನ್ನಿಸಿದರೆ ಬೇಕ್ ಮಾಡುವ ದಾರಿ ಹಿಡಿಯಿರಿ. ಪ್ಯಾಕೆಟ್ಟಿನ ಮೇಲೆ ಹೇಳಿದ್ದಕ್ಕಿಂತ ಎರಡು ಮೂರು ನಿಮಿಷ ಕಡಿಮೆ ಬೇಯಿಸಿ, ಸಾಸು ಧಾರಾಳವಾಗಿ ಕಲಸಿ (ರಾತ್ರಿಯಿಡೀ ಪಾಸ್ತಾ ಅದನ್ನು ಹೀರುತ್ತಲೇ ಇರುತ್ತದೆ), ಮೇಲೆ ಚೀಸ್ ಹರಡಿ ಫ್ರಿಜ್‌ನಲ್ಲಿಡಿ. ಮರುದಿನ 180 ಡಿಗ್ರಿಯಲ್ಲಿ ಮುಚ್ಚಿ ಅರ್ಧ ಗಂಟೆ, ಮುಚ್ಚಳ ತೆಗೆದು ಇನ್ನೊಂದು ಹತ್ತು ಹದಿನೈದು ನಿಮಿಷ. ಆಗ ಯಾರು ಬಂದು ಇಣುಕಿದರೂ ಕಾಣುವುದು ಓವನ್ನಿನ ಬಾಗಿಲು ಮಾತ್ರ. ಹಿಂದಿನ ರಾತ್ರಿಯ ಕೆಲಸ ಸೂಪಿಗಿಂತ ಜಾಸ್ತಿ, ಚೀಸ್ ಕಚ್ಚಿದ ಪಾತ್ರೆ ಉಜ್ಜುವುದಂತೂ ಬೇಜಾರು.

ಓವನ್ ಟ್ರೇ

ತರಕಾರಿ ಹೆಚ್ಚಿ, ಎಣ್ಣೆ ಉಪ್ಪು ಸವರಿ, ಟ್ರೇ ಮೇಲೆ ಹರಡಿ ಓವನ್ನಿಗೆ ತಳ್ಳುವುದು. 200 ಡಿಗ್ರಿ, 35ರಿಂದ 45 ನಿಮಿಷ. ತುಂಡುಗಳು ಎರಡೂವರೆ ಸೆಂಟಿಮೀಟರ್ ಇದ್ದರೆ ಒಂದೇ ಸಮ ಬೇಯುತ್ತವೆ. ಆಲೂಗಡ್ಡೆ, ಕ್ಯಾರೆಟ್ ಮೊದಲು ಒಳಗೆ ಹೋಗಲಿ, ದಪ್ಪ ಮೆಣಸಿನಕಾಯಿ, ಹೂಕೋಸು ಹದಿನೈದು ನಿಮಿಷ ಬಿಟ್ಟು. ಮಾಂಸ ತಿನ್ನುವವರಿದ್ದರೆ ಕೋಳಿಯ ತೊಡೆಯ ತುಂಡುಗಳನ್ನು ಬೇರೆ ಟ್ರೇಯಲ್ಲಿ ಇಡಿ. ಮೂಳೆಯ ಹತ್ತಿರ 74 ಡಿಗ್ರಿ ಮುಟ್ಟಿದರೆ ಬೆಂದಿದೆ ಅಂತ ಲೆಕ್ಕ.

ತರಕಾರಿಯನ್ನು ಒಂದರ ಮೇಲೊಂದು ಗುಡ್ಡೆ ಹಾಕಬೇಡಿ. ಬಿಟ್ಟ ನೀರು ಆವಿಯಾಗಿ ಹೋಗಲು ಜಾಗ ಇಲ್ಲದೆ ಎಲ್ಲ ಮೆತ್ತಗಾಗುತ್ತವೆ, ಕೆಂಪಗಾಗುವುದೇ ಇಲ್ಲ. ಟ್ರೇಗೆ ಬೇಕಿಂಗ್ ಪೇಪರ್ ಹಾಸಿದರೆ ತೊಳೆಯುವುದೂ ಇಲ್ಲವೇ ಇಲ್ಲ ಅನ್ನಬಹುದು.

ಟ್ರೇಗೆ ನಾನು ಎರಡನೇ ಸ್ಥಾನ ಕೊಡಲು ಬೇರೆಯೇ ಕಾರಣ ಇದೆ. ಮಾತು ಬೇಡದ ಕಡೆ ಹೊರಳಿದಾಗ, ಸಂಬಳ ಎಷ್ಟು, ಮನೆ ಯಾವಾಗ, ಮಗು ಯಾವಾಗ, "ಒಂದ್ನಿಮಿಷ, ಓವನ್ ನೋಡಿ ಬರ್ತೀನಿ" ಅಂತ ಎದ್ದು ಹೋಗಬಹುದು. ಕೆಲಸ ಇಲ್ಲ, ನೆಪ ಮಾತ್ರ ಇದೆ. ತುಂಡುಗಳನ್ನು ತಿರುವಿ ಹಾಕಿದ ಹಾಗೆ ಮಾಡಿ ನಿಧಾನಕ್ಕೆ ಬಂದರೆ ಅಷ್ಟರಲ್ಲಿ ವಿಷಯ ಬದಲಾಗಿರುತ್ತದೆ. ಸೂಪಿಗೆ ಈ ಸೌಕರ್ಯ ಇಲ್ಲ.

ತಡವಾಗಿ ಬರುವವರಿಗೆ ಟ್ರೇ ಆಗುವುದಿಲ್ಲ. ಓವನ್ ಆರಿಸಿ ಕಾಲು ಗಂಟೆ ಒಳಗೇ ಬಿಡಬಹುದು. ಆಮೇಲೆ ಎಲ್ಲ ಸುಕ್ಕುಗಟ್ಟುತ್ತದೆ.

ಅವರವರೇ ಬಡಿಸಿಕೊಳ್ಳುವ ಊಟ

"ನಾನು ಅದು ತಿನ್ನಲ್ಲ, ಇವರಿಗೆ ಇದು ಆಗಲ್ಲ" ಅನ್ನುವವರಿಗೆ ಇದೊಂದೇ ಸರಿ. ದೊಡ್ಡ ಆಲೂಗಡ್ಡೆಗಳಿಗೆ ಫೋರ್ಕಿನಲ್ಲಿ ಚುಚ್ಚಿ ಇಡಿಯಾಗಿ 200 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ. ದಪ್ಪಗಿದ್ದರೆ ಇನ್ನೂ ಕಾಲು ಗಂಟೆ. ಪಕ್ಕದಲ್ಲಿ ಬಟ್ಟಲುಗಳಲ್ಲಿ ಬೆಣ್ಣೆ, ಮೊಸರು, ಬೇಯಿಸಿದ ಜೋಳ, ಹೆಚ್ಚಿದ ಈರುಳ್ಳಿ, ಚೀಸ್, ಮಸಾಲೆ ಕಾಳು ಇಟ್ಟುಬಿಡಿ. ಯಾರಿಗೆ ಏನು ಬೇಕೋ ಹಾಕಿಕೊಳ್ಳಲಿ. ಇಲ್ಲಿ ದೂರುವುದಕ್ಕೇ ಜಾಗ ಇಲ್ಲ. ಉಪ್ಪು ಕಡಿಮೆ ಅಂದರೆ ಉಪ್ಪಿನ ಡಬ್ಬಿ ಅವರ ಮುಂದೆಯೇ ಇದೆ.

ಮೈಕ್ರೋವೇವ್ ಇದೆಯಲ್ಲ, ಹತ್ತು ನಿಮಿಷದಲ್ಲಿ ಮುಗಿಸೋಣ ಅಂದುಕೊಳ್ಳಬೇಡಿ. ಒಂದು ಆಲೂಗಡ್ಡೆಗೆ ಅದು ನಿಜ. ಆಲೂಗಡ್ಡೆ ಜಾಸ್ತಿ ಆದಂತೆ ಹೊತ್ತೂ ಜಾಸ್ತಿ ಹಿಡಿಯುತ್ತದೆ. ಇನ್ನೊಂದು ತೊಂದರೆ ಎಂದರೆ ಬಟ್ಟಲುಗಳು. ಆರು ಬಗೆ ಇಟ್ಟರೆ ಆರು ಬಟ್ಟಲು, ಆರು ಚಮಚ, ಎಲ್ಲವೂ ಸಿಂಕಿಗೇ ಬರುತ್ತವೆ. ಮೂರಕ್ಕೆ ನಿಲ್ಲಿಸಿ.

ತಣ್ಣನೆಯ ತಟ್ಟೆ

ಬ್ರೆಡ್, ಚೀಸ್, ಸೌತೆಕಾಯಿ, ಟೊಮೆಟೊ, ಬೇಯಿಸಿದ ಮೊಟ್ಟೆ, ಹಣ್ಣು. ಒಲೆ ಹಚ್ಚುವುದು ಮೊಟ್ಟೆಗೆ ಮಾತ್ರ. ಹತ್ತು ನಿಮಿಷ ಕುದಿಸಿ ತಕ್ಷಣ ತಣ್ಣೀರಿಗೆ ಹಾಕಿ. ಕೊಂಡು ಒಂದು ವಾರವಾದ ಮೊಟ್ಟೆಯ ಸಿಪ್ಪೆ ಹೊಸ ಮೊಟ್ಟೆಗಿಂತ ಸಲೀಸಾಗಿ ಬಿಡುತ್ತದೆ. ಸಿಪ್ಪೆ ಸಮೇತ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಕೆಲಸದಲ್ಲಿ ಇದಕ್ಕಿಂತ ಕಡಿಮೆಯದು ಇಲ್ಲ. ಆದರೂ ಎದ್ದು ಹೋಗದ ನೆಂಟರಿಗೆ ಇದನ್ನು ಇಡಲೇಬೇಡಿ. ಈ ಊಟಕ್ಕೆ ಕೊನೆ ಅನ್ನುವುದೇ ಇಲ್ಲ. ಒಂದು ಚೂರು ಚೀಸ್, ಒಂದು ಮಾತು, ಎರಡು ದ್ರಾಕ್ಷಿ, ಇನ್ನೊಂದು ಮಾತು. ನೀವು ಆಕಳಿಸುತ್ತಿದ್ದರೂ ತಟ್ಟೆಯಲ್ಲಿ ಏನಾದರೂ ಇದ್ದೇ ಇರುತ್ತದೆ. ಅಂದ ಹಾಗೆ ಚೀಸ್, ಮೊಟ್ಟೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. "ಕೆಡುತ್ತೆ, ಒಳಗಿಡ್ತೀನಿ" ಅಂತ ತಟ್ಟೆ ಎತ್ತಲು ಅದೇ ಒಂದು ದಾರಿ.

ಹೊರಗಿನಿಂದ ತರಿಸುವುದು

ದುಡ್ಡು ಕೊಟ್ಟು ಕೆಲಸ ತಪ್ಪಿಸಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಜನ ಎಡವುವುದು ಆರ್ಡರ್ ಮಾಡುವ ಹೊತ್ತಿನಲ್ಲಿ. ಅವರು ಬಂದ ಮೇಲೆ "ಏನು ತರಿಸೋಣ?" ಅಂತ ಕೇಳಿದಿರೋ, ಅರ್ಧ ಗಂಟೆ ಚರ್ಚೆ, ಮುಕ್ಕಾಲು ಗಂಟೆ ಕಾಯುವುದು. ಆ ಹೊತ್ತೆಲ್ಲ ಕೈಯಲ್ಲಿ ಕೆಲಸವಿಲ್ಲ, ಎದುರಿಗೆ ಅವರು. ಏನು ಅಂತ ನೀವೇ ನಿರ್ಧರಿಸಿ, ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬರುವಂತೆ ಮೊದಲೇ ಹೇಳಿಡಿ.

ಹೋಟೆಲಿಗೇ ಕರೆದುಕೊಂಡು ಹೋಗುವುದೂ ಒಂದು ದಾರಿ. ಅಲ್ಲಿಂದ ಎದ್ದು ಬರುವುದು ನಮ್ಮ ಕೈಲಿರುತ್ತದೆ. ಬಿಲ್ ಯಾರು ಕೊಡುವುದು ಅನ್ನುವ ನಾಟಕಕ್ಕೆ ಸಿದ್ಧರಿದ್ದರೆ ಹೋಗಿ.

ಊಟದ ಹೊತ್ತನ್ನೇ ತಪ್ಪಿಸುವುದು

ದಿನ ಗೊತ್ತು ಮಾಡುವಾಗ "ಊಟಕ್ಕೆ ಬನ್ನಿ" ಅನ್ನುವ ಮಾತು ಅಭ್ಯಾಸಬಲದಿಂದ ಬಾಯಿಂದ ಬಿದ್ದುಬಿಡುತ್ತದೆ. ಅದರ ಬದಲು "ನಾಲ್ಕು ಗಂಟೆಗೆ ಟೀಗೆ ಬನ್ನಿ, ಆರಕ್ಕೆ ನಾವು ಹೊರಡಬೇಕು" ಅನ್ನಿ. ಎರಡನೇ ಅರ್ಧ ಬಹಳ ಮುಖ್ಯ. ಬರುವ ಮೊದಲೇ ಹೇಳಿದರೆ ಅದು ಮಾಹಿತಿ, ಬಂದ ಮೇಲೆ ಹೇಳಿದರೆ ಓಡಿಸಿದ ಹಾಗೆ. ಟೀ, ಬಿಸ್ಕತ್ತು, ಒಂದು ತಟ್ಟೆ ಹಣ್ಣು. ಮೇಲೆ ಬರೆದ ಎಲ್ಲ ಅಡುಗೆಗಳಿಗಿಂತ ಇದು ಸುಲಭ. ಆದರೆ ಹೊತ್ತು ನಾವು ಗೊತ್ತು ಮಾಡುವಂತಿದ್ದರೆ ಮಾತ್ರ ಇದು ನಡೆಯುತ್ತದೆ.

ಬರುವವರನ್ನು ನೋಡಿ ಆರಿಸಿ

ತಪ್ಪು ಹುಡುಕುವವರಿಗೆ ಆಲೂಗಡ್ಡೆ, ಬಟ್ಟಲು. ಹೊತ್ತಿಗೆ ಬಾರದವರಿಗೆ ಸೂಪು. ಬಂದರೆ ಏಳದವರಿಗೂ ಸೂಪೇ, ಇಲ್ಲ ಒಂದೇ ಪಾತ್ರೆಯ ಅನ್ನ. ತಣ್ಣನೆಯ ತಟ್ಟೆ ಮಾತ್ರ ಅಲ್ಲ. ಕೆದಕಿ ಕೇಳುವವರಿಗೆ ಓವನ್ ಟ್ರೇ. ಅಡುಗೆಮನೆಗೇ ಬಂದು ನಿಲ್ಲುವವರಿಗೆ ಹಿಂದಿನ ದಿನವೇ ಮುಗಿದಿರುವ ಯಾವುದಾದರೂ. ಬೇಕಾದರೆ ಅವರ ಕೈಗೆ ಸೌತೆಕಾಯಿ, ಚಾಕು ಕೊಟ್ಟು ಹಜಾರದಲ್ಲಿ ಕೂರಿಸಿ. ಹೇಳದೆ ಕೇಳದೆ ಬಂದುಬಿಡುವವರಿಗೆ ಫ್ರೀಜರಿನ ಸೂಪು, ಇಲ್ಲ ಬ್ರೆಡ್ ಮೊಟ್ಟೆ. ಅವರಿಗಾಗಿ ಅಂಗಡಿಗೆ ಓಡಬೇಡಿ. ಒಂದು ಸಲ ಓಡಿದರೆ ಮುಂದಿನ ಸಲವೂ ಓಡಬೇಕು.

ಸಿಹಿ ಬೇಕಾ? ನಾನು ಬೇಡ ಅನ್ನುತ್ತೇನೆ. ಊಟದ ಜೊತೆಗೇ ಹೆಚ್ಚಿದ ಹಣ್ಣು ಮೇಜಿನ ಮೇಲೆ ಇದ್ದರೆ ಸಾಕು. ಸಿಹಿಯನ್ನು ಕೊನೆಗೆ ಬೇರೆಯಾಗಿ ತಂದಿಟ್ಟರೆ ಕೂತವರು ಮತ್ತೆ ಬೆನ್ನು ಒರಗಿಸಿ ಕೂರುತ್ತಾರೆ. ಊಟವಾದ ಮೇಲೆ ಟೀ ಕಾಫಿ ಕೇಳಿದರಂತೂ ಇನ್ನೊಂದು ಗಂಟೆ ಕೊಟ್ಟ ಹಾಗೆ.

ಉಳಿದದ್ದನ್ನು ಕಟ್ಟಿ ಕೊಡುವುದು ಒಳ್ಳೆಯ ಉಪಾಯ. ಡಬ್ಬಿಗೆ ಹಾಕುತ್ತಿರುವುದು ಕಂಡರೆ ಹೊರಡುವ ಹೊತ್ತಾಯಿತು ಅಂತ ಅರ್ಥವಾಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಯಾವ ಡಬ್ಬಿಯಲ್ಲಿ ಕೊಡುತ್ತೀರಿ ಅಂತ ಮಾತ್ರ ನೋಡಿಕೊಳ್ಳಿ. ಪಾಸ್ತಾ ಪ್ರಸಂಗದ ದಿನ ನಾನು ಅವಸರದಲ್ಲಿ ಮುಚ್ಚಳ ಬಿಗಿಯಾಗಿ ಕೂರುವ ಒಳ್ಳೆಯ ಡಬ್ಬಿಯಲ್ಲೇ ತುಂಬಿ ಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ಅದನ್ನು ವಾಪಸ್ ಕೊಡಲು ಇಬ್ಬರೂ ಬಂದರು, ಸರಿಯಾಗಿ ಊಟದ ಹೊತ್ತಿಗೆ. ಈಗ ತರಿಸಿದ ಊಟದ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಳೆದು ಎತ್ತಿಡುತ್ತೇನೆ. ಕೊಡುವಾಗ "ಇದು ವಾಪಸ್ ಬೇಡ" ಅಂತ ಎರಡು ಸಲ ಹೇಳುತ್ತೇನೆ.